ಝಾಂಜ್ ಪಥಕ: ಕೇಳುವವರಿಗೊಂದು ಕೈಪಿಡಿ

ಬೆಳಗಾವಿ ಜಿಲ್ಲೆಯ ಗಡಿಭಾಗದ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಗಣೇಶ ವಿಸರ್ಜನೆಯಿರಲಿ, ಶಿವಜಯಂತಿ ಅಥವಾ ಬಸವ ಜಯಂತಿಯಿರಲಿ, ಜೈನರ ಪಂಚಕಲ್ಯಾಣ ಮಹೋತ್ಸವವಿರಲಿ, ಮೆರವಣಿಗೆಯ ಮುಂಭಾಗದಲ್ಲಿ ಸಮವಸ್ತ್ರ ಧರಿಸಿದ ಹುಡುಗ ಹುಡುಗಿಯರ ವಾದ್ಯಮೇಳವೊಂದು ಸಾಗುವುದನ್ನು ಮೇಲಿಂದ ಮೇಲೆ ಕಾಣಬಹುದು. ಲೋಹದ ಝಾಂಜ್‌ಗಳನ್ನೂ ಢೋಲ್, ತಾಷಾ ಎಂಬ ಬಡಿತದ ವಾದ್ಯಗಳನ್ನೂ ಒಟ್ಟುಗೂಡಿಸಿ ನುಡಿಸುವ ಈ ತಂಡಕ್ಕೆ ಝಾಂಜ್ ಪಥಕ ಎಂದು ಹೆಸರು. 1956ರವರೆಗೆ ಮುಂಬಯಿ ರಾಜ್ಯದಲ್ಲಿದ್ದು, ಇಂದಿಗೂ ಕನ್ನಡ ಮರಾಠಿಗಳೆರಡನ್ನೂ ದಿನನಿತ್ಯ ಆಡುವ ಈ ಸೀಮೆಯಲ್ಲಿ ಕೊಲ್ಹಾಪುರ ಸಾಂಗಲಿಗಳ ಕಡೆಯ ಬಾಜಾ ಬಜಂತ್ರಿಯೂ ಕನ್ನಡ ನೆಲದ ಕರಡಿ ಮಜಲು, ಡೊಳ್ಳು, ಹಲಗೆಗಳೂ ಒಂದೇ ಬೀದಿಯಲ್ಲಿ ಕೇಳಿಬರುತ್ತವೆ. ಆದರೆ ಮೆರವಣಿಗೆಯನ್ನು ನೋಡುವವರು ಎಷ್ಟೇ ಇದ್ದರೂ ಪಥಕವನ್ನು ಸಂಗೀತವೆಂದು ಗಮನವಿಟ್ಟು ಕೇಳುವವರು ಕಡಿಮೆ. ಅಂಥ ಕೇಳ್ಮೆಗೆ ಬೇಕಾದ ಕೆಲವು ಸಂಗತಿಗಳನ್ನು ಇಲ್ಲಿ ವಿವರಿಸಲಾಗಿದೆ.

ಮೇಳಕ್ಕೆ ಹೆಸರು ಕೊಟ್ಟ ಝಾಂಜ್, ಹಿತ್ತಾಳೆಯಿಂದ ಅಥವಾ ಕಂಚಿನಿಂದ ಮಾಡಿದ, ನಡುವೆ ಉಬ್ಬಿರುವ ಬಿಲ್ಲೆಗಳ ಜೋಡಿ. ಉಬ್ಬಿನ ಮಧ್ಯದ ರಂಧ್ರದಲ್ಲಿ ಹಗ್ಗವನ್ನೋ ಬಟ್ಟೆಯನ್ನೋ ಪೋಣಿಸಿ, ಅದನ್ನು ಹಿಡಿಕೆಯಾಗಿ ಅಂಗೈಯಲ್ಲಿ ಬಿಗಿಹಿಡಿಯುತ್ತಾರೆ. ತಾಮ್ರಕ್ಕೆ ಸತು ಬೆರೆತರೆ ಹಿತ್ತಾಳೆ, ತವರ ಬೆರೆತರೆ ಕಂಚು. ತವರದ ಪ್ರಮಾಣ ಹೆಚ್ಚಿರುವ ಗಂಟೆಯ ಕಂಚಿನ ನಾದ ಹಿತ್ತಾಳೆಯದಕ್ಕಿಂತ ದೀರ್ಘವಾಗಿ ನಿಲ್ಲುತ್ತದೆ. ಎರಡು ಬಿಲ್ಲೆಗಳನ್ನು ಎದುರುಬದುರಾಗಿ ಸರಿಯಾಗಿ ಕೂಡಿಸಿ ಬಡಿದರೆ ನಾದ ಹುಟ್ಟುತ್ತದೆ ಎಂದು ಹೊಸಬರು ಭಾವಿಸುವುದು ಸಹಜ. ವಾಸ್ತವದಲ್ಲಿ ಅಂಚಿಗೆ ಅಂಚು ಏಕಕಾಲಕ್ಕೆ ತಾಗಿದಾಗ ನಡುವಿನ ಗಾಳಿ ಹೊರಹೋಗಲು ದಾರಿಯಿಲ್ಲದೆ ಸಿಕ್ಕಿಕೊಂಡು, ಮಂಕಾದ, ಅದುಮಿದ ಸದ್ದಷ್ಟೇ ಕೇಳಿಸುತ್ತದೆ. ಆದುದರಿಂದ ಬಲ್ಲ ವಾದಕರು ಒಂದು ಬಿಲ್ಲೆಯನ್ನು ಮತ್ತೊಂದರ ಮೇಲೆ ತುಸು ಓರೆಯಾಗಿ ಜಾರಿಸುವಂತೆ ತಾಗಿಸುತ್ತಾರೆ. ತಾಗಿಸಿ ಬಿಡಿಸಿಕೊಂಡರೆ ನಾದ ಹರಡುವ ತೆರೆದ ಪೆಟ್ಟು. ತಾಗಿಸಿದ ಕೂಡಲೇ ಎರಡನ್ನೂ ಒತ್ತಿ ಹಿಡಿದರೆ ಅಥವಾ ಎದೆಗೆ ಒತ್ತಿಕೊಂಡರೆ ನಾದ ಕತ್ತರಿಸಿದಂತೆ ನಿಲ್ಲುವ ಮುಚ್ಚಿದ ಪೆಟ್ಟು. ಝಾಂಜ್‌ನ ಕಲೆಯೆಲ್ಲ ಈ ಎರಡರ ಜೋಡಣೆಯಲ್ಲಿದೆ. ಕೇಳುಗನು ಮೊದಲು ಅಭ್ಯಾಸ ಮಾಡಿಕೊಳ್ಳಬೇಕಾದದ್ದೂ ಇವೆರಡನ್ನು ಬೇರ್ಪಡಿಸಿ ಗುರುತಿಸುವುದನ್ನೇ.

ತಾಷಾ ಬೋಗುಣಿಯಾಕಾರದ ಸಣ್ಣ ವಾದ್ಯ. ಲೋಹದ ಒಡಲಿನ ಬಾಯಿಗೆ ತೆಳುವಾದ ಹೊದಿಕೆಯನ್ನು ಬಿಗಿದು, ಕೊರಳಿಗೆ ತೂಗುಹಾಕಿ, ಎರಡು ಸಪೂರ ಕಡ್ಡಿಗಳಿಂದ ಬಾರಿಸುವ ಇದರ ದನಿ ಚುರುಕಾದದ್ದು, ಗದ್ದಲವನ್ನು ಸೀಳಿಕೊಂಡು ಬರುವಂಥದು. ಈ ಭಾಗದ ಮೊಹರಂ ಮೆರವಣಿಗೆಗಳಲ್ಲಿಯೂ ತಾಷಾಕ್ಕೆ ಸ್ಥಾನವಿದೆ. ಢೋಲ್ ದೊಡ್ಡದು, ಎರಡು ಮುಖದ್ದು. ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದಕ್ಕೆ ಕೈಯ ಪೆಟ್ಟು. ಗಣೇಶ ಚತುರ್ಥಿ ಮಳೆಗಾಲದಲ್ಲಿ ಬರುವುದರಿಂದ ತೇವ ಹೀರಿದ ಚರ್ಮ ಸಡಿಲಗೊಂಡು ದನಿ ಇಳಿಯುತ್ತದೆ. ಹಲಗೆ ಬಾರಿಸುವವರು ಆಗಾಗ ಬೆಂಕಿಗೆ ಕಾಯಿಸಿ ಚರ್ಮವನ್ನು ಬಿಗಿಗೊಳಿಸುವುದು ಈ ಕಾರಣಕ್ಕೆ, ಈಚಿನ ಪಥಕಗಳು ಚರ್ಮದ ಬದಲು ಪ್ಲಾಸ್ಟಿಕ್ ಹೊದಿಕೆಗೆ ಹೊರಳಿದ್ದಕ್ಕೂ ಇದು ಒಂದು ಕಾರಣ. ಮಳೆಗೆ ಜಗ್ಗದಿದ್ದರೂ ಪ್ಲಾಸ್ಟಿಕ್ಕಿಗೆ ಚರ್ಮದ ತುಂಬುದನಿ ಬರುವುದಿಲ್ಲವೆಂಬುದನ್ನು ಒಪ್ಪಬೇಕಾಗುತ್ತದೆ. ಇವುಗಳ ಜೊತೆಗೆ ಕೆಲವು ತಂಡಗಳಲ್ಲಿ ಲೇಜಿಮ್ ಇರುತ್ತದೆ; ಮರದ ಹಿಡಿಕೆಗೆ ಕಬ್ಬಿಣದ ಸರಪಳಿಯನ್ನು ಕಟ್ಟಿ, ಅದರಲ್ಲಿ ಸಣ್ಣ ಬಿಲ್ಲೆಗಳನ್ನು ಪೋಣಿಸಿದ ಈ ಸಾಧನ ವ್ಯಾಯಾಮಕ್ಕೂ ವಾದನಕ್ಕೂ ಒದಗುವಂಥದು.

ಮೂರು ವಾದ್ಯಗಳ ಕೆಲಸ ಮೂರು ಬಗೆಯದು. ಢೋಲ್ ನಡಿಗೆಯ ಲಯವನ್ನು ಹಿಡಿದಿಡುತ್ತದೆ. ತಾಷಾ ಆ ಲಯದ ಒಳಗನ್ನು ಸಣ್ಣ ಸಣ್ಣ ಪೆಟ್ಟುಗಳಿಂದ ತುಂಬುತ್ತ, ಮುಂದಿನ ತಿರುವಿಗೆ ಸೂಚನೆಯನ್ನೂ ಕೊಡುತ್ತದೆ. ಝಾಂಜ್ ಆವರ್ತದ ಮುಖ್ಯ ಪೆಟ್ಟುಗಳಿಗೆ ಹೊಳಪು ಕೊಟ್ಟು, ಒಂದು ಆವರ್ತ ಎಲ್ಲಿ ಮುಗಿದು ಮತ್ತೊಂದು ಎಲ್ಲಿ ಮೊದಲಾಯಿತೆಂಬುದನ್ನು ತಿಳಿಸುತ್ತದೆ. ಆವರ್ತವೆಂದರೆ ನಿಗದಿಯಾದ ಪೆಟ್ಟುಗಳು ಒಂದು ಸುತ್ತು ಪೂರೈಸಿ ಮೊದಲ ಪೆಟ್ಟಿಗೆ ಮರಳುವ ಅವಧಿ. ಮೆರವಣಿಗೆಯ ಮೇಳಗಳಲ್ಲಿ ಇದು ಹೆಜ್ಜೆಗೆ ಹೊಂದುವ ನಾಲ್ಕರ ಅಥವಾ ಎಂಟರ ಲೆಕ್ಕದಲ್ಲಿರುವುದೇ ಹೆಚ್ಚು. ಹೊಸ ಕೇಳುಗನು ಆರಂಭದಲ್ಲಿ ತಾಷಾದ ಬೆನ್ನುಹತ್ತದೆ, ಢೋಲಿನ ಭಾರವಾದ ಪೆಟ್ಟಿಗೆ ಕಾಲಿನಿಂದಲೋ ಬೆರಳಿನಿಂದಲೋ ಲೆಕ್ಕ ಹಿಡಿದು, ಅದು ಸ್ಥಿರವಾದ ಮೇಲೆ ಝಾಂಜ್ ಯಾವ ಪೆಟ್ಟಿಗೆ ತೆರೆಯುತ್ತದೆ, ಯಾವುದಕ್ಕೆ ಮುಚ್ಚುತ್ತದೆ ಎಂಬುದನ್ನು ಗಮನಿಸಿ, ಕಡೆಗೆ ತಾಷಾದ ಕಡೆಗೆ ಕಿವಿಗೊಡುವುದು ಉಚಿತ. ಈ ಕ್ರಮದಲ್ಲಿ ಕೇಳಿದವರಿಗೆ, ಮೊದಲು ಒಂದೇ ಗದ್ದಲವೆಂದು ತೋರಿದ್ದು ಮೂರು ಪದರಗಳಾಗಿ ಬಿಡಿಸಿಕೊಳ್ಳುತ್ತದೆ.

ಪಥಕದ ನಿಜವಾದ ಕಷ್ಟ ಅದರ ಉದ್ದದಲ್ಲಿದೆ. ಶಬ್ದವು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ವೇಗದಲ್ಲಿ ಚಲಿಸುವುದರಿಂದ, 34 ಮೀಟರ್ ಉದ್ದಕ್ಕೆ ಹರಡಿಕೊಂಡ ಸಾಲಿನಲ್ಲಿ ಮುಂದಿನವರ ಪೆಟ್ಟು ಹಿಂದಿನವರ ಕಿವಿಗೆ ಸೆಕೆಂಡಿನ ಹತ್ತನೆಯ ಒಂದು ಭಾಗದಷ್ಟು ತಡವಾಗಿ ತಲುಪುತ್ತದೆ. ನಿಮಿಷಕ್ಕೆ 120 ಪೆಟ್ಟುಗಳ ನಡೆಯಲ್ಲಿ ಒಂದು ಪೆಟ್ಟಿನ ಅವಧಿ ಅರ್ಧ ಸೆಕೆಂಡು; ಆ ಅರ್ಧ ಸೆಕೆಂಡಿನೊಳಗೆ ತಾಷಾ ನಾಲ್ಕು ಪೆಟ್ಟು ಹಾಕುತ್ತಿದ್ದರೆ, ಈ ತಡ ಹೆಚ್ಚು ಕಡಿಮೆ ತಾಷಾದ ಒಂದು ಪೂರ್ತಿ ಪೆಟ್ಟಿಗೆ ಸಮನಾಗುತ್ತದೆ. ಕಿವಿಯನ್ನೇ ನೆಚ್ಚಿ ನುಡಿಸುವ ಹಿಂದಿನ ಸಾಲು ಆದುದರಿಂದ ತಪ್ಪದೆ ಹಿಂದೆ ಬೀಳುತ್ತದೆ. ಇದಕ್ಕೆಂದೇ ಮುಂದಾಳು ಎಲ್ಲರಿಗೂ ಕಾಣುವಂತೆ ನಿಂತು ಕೈಸನ್ನೆಯಿಂದ ನಡೆಸುತ್ತಾನೆ, ಅಥವಾ ನಡೆಸುತ್ತಾಳೆ. ತಾಳ ಬದಲಿಸುವಾಗ ಸೀಟಿ ಊದುವ ರೂಢಿಯೂ ಉಂಟು. ಮಕ್ಕಳ ಕಣ್ಣು ಆ ಕೈಯ ಮೇಲೆಯೇ ನೆಟ್ಟಿರುತ್ತದೆ. ಝಾಂಜ್‌ಗಳು ತಲೆಯ ಮೇಲಕ್ಕೆ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವ ಚಲನೆ ನೋಟಕ್ಕೆ ಸೊಗಸಾದುದಷ್ಟೇ ಆಗಿರದೆ, ಪಕ್ಕದವರ ಕೈಯನ್ನು ಕಂಡು ಕಾಲವನ್ನು ಹಿಡಿಯುವ ಉಪಾಯವೂ ಆಗಿದೆ.

ಎಲ್ಲಿ ನಿಂತು ಕೇಳಬೇಕೆಂಬುದೂ ಮುಖ್ಯ. ಮೇಳದ ನಡುಸಾಲಿಗೆ ಎದುರಾಗಿ, ಬೀದಿಯ ಬದಿಯಲ್ಲಿ, ಐದಾರು ಮಾರು ದೂರದಲ್ಲಿ ನಿಂತರೆ ಮೂರು ವಾದ್ಯಗಳೂ ತಕ್ಕ ಪ್ರಮಾಣದಲ್ಲಿ ಕಿವಿಗೆ ಬೀಳುತ್ತವೆ. ಇಕ್ಕಟ್ಟಾದ ಪೇಟೆ ಬೀದಿಯಲ್ಲಿ ಎರಡೂ ಬದಿಯ ಗೋಡೆಗಳಿಂದ ಮರಳುವ ಪ್ರತಿಧ್ವನಿ ಝಾಂಜ್‌ನ ಮುಚ್ಚಿದ ಪೆಟ್ಟುಗಳನ್ನು ಕಲಸಿಬಿಡುವುದರಿಂದ, ಬಯಲಿರುವ ಚೌಕ ಕೇಳ್ಮೆಗೆ ಹೆಚ್ಚು ಅನುಕೂಲ. ತಂಡಗಳು ನಿಂತು ವರ್ತುಲ ಕಟ್ಟಿ ತಮ್ಮ ಕೈಚಳಕ ತೋರಿಸುವುದೂ ಚೌಕಗಳಲ್ಲಿಯೇ. ಮಗ್ಗುಲಲ್ಲಿ ನಿಂತರೆ ಢೋಲಿನ ಸದ್ದು ಕಿವಿಗೆ ಹಾನಿ ಮಾಡುವಷ್ಟು ಜೋರಾಗಿರುತ್ತದೆ. ಎಳೆಯ ಮಕ್ಕಳನ್ನು ಅಷ್ಟು ಹತ್ತಿರ ನಿಲ್ಲಿಸಬಾರದು. ತಾಸುಗಟ್ಟಲೆ ನುಡಿಸುವ ಮಕ್ಕಳ ಕಿವಿಗೂ ರಕ್ಷಣೆ ಬೇಕೆಂಬುದನ್ನು ಅವರನ್ನು ತರಬೇತಿಗೊಳಿಸುವ ಹಿರಿಯರು ಮರೆಯಬಾರದು.

ಪಥಕದ ಗುಣವನ್ನು ಅಳೆಯಲು ಮೂರು ಸಂದರ್ಭಗಳು ಸಾಕು. ದುಗುಣಕ್ಕೆ, ಅಂದರೆ ಇಮ್ಮಡಿ ವೇಗಕ್ಕೆ ಹೋಗುವಾಗ ತಂಡವಿಡೀ ಒಮ್ಮೆಗೇ ದಾಟುತ್ತದೆಯೇ, ಇಲ್ಲವೇ ಒಬ್ಬೊಬ್ಬರಾಗಿ ಓಡಿಹೋಗಿ ಸೇರಿಕೊಳ್ಳುತ್ತಾರೆಯೇ ಎಂಬುದು ಒಂದು. ದನಿ ತಗ್ಗಿಸಿದಾಗ ವೇಗವೂ ತಗ್ಗುತ್ತದೆಯೇ ಎಂಬುದು ಎರಡನೆಯದು. ಮೆಲ್ಲಗೆ ನುಡಿಸುತ್ತಲೂ ನಡೆಯನ್ನು ಕಾಪಾಡುವುದು ಎಳೆಯ ಕೈಗಳಿಗೆ ಬಹಳ ಕಷ್ಟದ ಕೆಲಸ. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ಮುಕ್ತಾಯದ್ದು. ಹತ್ತಾರು ಜೋಡಿ ಝಾಂಜ್‌ಗಳು ಒಂದೇ ಕ್ಷಣದಲ್ಲಿ ಮುಚ್ಚಿಕೊಂಡು, ಒಂದೇ ಒಂದು ಬಿಲ್ಲೆಯ ಗುಂಯ್ಗುಡುವಿಕೆಯೂ ಉಳಿಯದಿದ್ದರೆ ಆ ತಂಡ ತಿಂಗಳುಗಟ್ಟಲೆ ಶ್ರದ್ಧೆಯಿಂದ ತಾಲೀಮು ಮಾಡಿದೆಯೆಂದು ನಿಸ್ಸಂಶಯವಾಗಿ ಹೇಳಬಹುದು.

ಇದೇ ಸೀಮೆಯ ಕರಡಿ ಮಜಲನ್ನು ಇದರೊಂದಿಗೆ ಹೋಲಿಸಿ ಕೇಳಿದರೆ ತಿಳಿವಳಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ಕರಡಿ ಎಂಬ ಎರಡು ಮುಖದ ಚರ್ಮವಾದ್ಯ, ಸನಾದಿ ಎಂದು ಕರೆಯಲಾಗುವ ಶಹನಾಯಿ, ಶ್ರುತಿ ಮತ್ತು ತಾಳ ಇವು ಕೂಡಿದ ಈ ಮೇಳದಲ್ಲಿ ರಾಗಕ್ಕೂ ಸ್ಥಾನವಿದೆ. 1977ರ ‘ಸನಾದಿ ಅಪ್ಪಣ್ಣ’ ಚಲನಚಿತ್ರದಲ್ಲಿ ಬಿಸ್ಮಿಲ್ಲಾ ಖಾನರು ನುಡಿಸಿದ ಶಹನಾಯಿಯನ್ನು ಕೇಳಿದ ಕನ್ನಡಿಗರಿಗೆ ಸನಾದಿಯ ನಾದ ಅಪರಿಚಿತವಲ್ಲ. ಮದುವೆಯ ಬ್ಯಾಂಡ್ ಕಂಪನಿಗಳಲ್ಲಿಯೂ ಟ್ರಂಪೆಟ್, ಕ್ಲಾರಿಯೊನೆಟ್‌ಗಳು ಹಾಡಿನ ಧಾಟಿಯನ್ನು ನುಡಿಸುತ್ತವೆ. ಝಾಂಜ್ ಪಥಕದಲ್ಲಿ ಸ್ವರದ ಆಸರೆಯೇ ಇಲ್ಲ. ಲಯವೊಂದರಿಂದಲೇ ಕೇಳುಗನ ಮನಸ್ಸನ್ನು ಹಿಡಿದಿಡಬೇಕಾದ ಹೊಣೆ ಅದರದು. ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ನಡೆಯುವ ಮಾಯಕ್ಕದೇವಿಯ ಜಾತ್ರೆಗೆ ಎರಡೂ ರಾಜ್ಯಗಳಿಂದ ಬರುವ ಭಕ್ತರ ಡೊಳ್ಳುಗಳ ಗಂಭೀರ ನಡೆಯನ್ನು ಕೇಳಿದವರಿಗೆ, ಚರ್ಮವಾದ್ಯವೊಂದೇ ಎಷ್ಟು ದೂರ ಒಯ್ಯಬಲ್ಲದೆಂಬುದು ಮನವರಿಕೆಯಾಗುತ್ತದೆ.

ಡೊಳ್ಳು, ಕರಡಿ, ಹಲಗೆಗಳ ವಿದ್ಯೆ ಬಹುಮಟ್ಟಿಗೆ ಮನೆತನ ಮತ್ತು ಸಮುದಾಯಗಳೊಳಗೆ ಹರಿದುಬಂದದ್ದಾದರೆ, ಪಥಕಕ್ಕೆ ಶಾಲೆಯ ಅಥವಾ ತರುಣ ಮಂಡಳದ ಯಾವ ಮಗುವೂ ಸೇರಬಹುದು. ಬೇರೆ ಬೇರೆ ಓಣಿಗಳ, ಬೇರೆ ಬೇರೆ ಮನೆಮಾತಿನ ಮಕ್ಕಳು ಒಂದೇ ಲೆಕ್ಕಕ್ಕೆ ಕೈ ಎತ್ತುವುದನ್ನು ಕಲಿಯುವ ಈ ಅವಕಾಶ ಗಡಿನಾಡಿನ ಮಟ್ಟಿಗೆ ಅತ್ಯಂತ ಬೆಲೆಯುಳ್ಳದ್ದು. ಇದಕ್ಕೆ ಈಗ ಎದುರಾಗಿರುವುದು ಇಲ್ಲಿಯ ಜನ ಡಾಲ್ಬಿ ಎನ್ನುವ ದೈತ್ಯ ಧ್ವನಿವರ್ಧಕಗಳ ವಾಹನ. ಅದು ಬೀದಿಗೆ ಬಂದ ಮೇಲೆ ಅಕ್ಕಪಕ್ಕದ ಯಾವ ಕೈವಾದ್ಯವೂ ಕೇಳಿಸುವುದಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಗಳನ್ನು ನಿರ್ಬಂಧಿಸಿವೆಯಾದರೂ, ಹಗಲು ಮತ್ತು ಸಂಜೆಯ ಮೆರವಣಿಗೆಗಳಲ್ಲಿ ಮೇಳಕ್ಕೆ ಜಾಗ ಉಳಿಸಿಕೊಡುವುದು ಮಂಡಳಗಳ ತೀರ್ಮಾನಕ್ಕೇ ಬಿಟ್ಟದ್ದು. ಡಾಲ್ಬಿಯ ಬಾಡಿಗೆಗೆ ತೆಗೆದಿಡುವ ಹಣದಲ್ಲಿ ಒಂದು ಪಾಲನ್ನಾದರೂ ಮಂಡಳಗಳು ಊರ ಶಾಲೆಯ ಮಕ್ಕಳಿಗೆ ಒಳ್ಳೆಯ ಕಂಚಿನ ಝಾಂಜ್‌ಗಳನ್ನು ಕೊಡಿಸಲು ವಿನಿಯೋಗಿಸಬೇಕು. ರಸಿಕರು ಮೆರವಣಿಗೆಯ ದಿನವನ್ನು ಕಾಯದೆ, ಸಂಜೆ ಶಾಲೆಯ ಮೈದಾನದಲ್ಲಿ ನಡೆಯುವ ತಾಲೀಮಿಗೇ ಹೋಗಿ ಕುಳಿತು ಕೇಳಬೇಕು.