ಚಂದ್ರಬಂಡದ ಹಾದಿಗೊಂದು ಕೈಮರ

ಹೆದ್ದಾರಿಯ ನೆತ್ತಿಯ ಮೇಲೆ ನಿಲ್ಲಿಸಿದ ದೊಡ್ಡ ಹಸಿರು ಫಲಕ ಸೈಕಲ್ಲಿನವರಿಗಾಗಿ ಬರೆದದ್ದಲ್ಲ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬರುವ ಕಾರಿನವರಿಗೆ ಹೈದರಾಬಾದ್ ಯಾವ ಕಡೆ ಎಂದು ಗೊತ್ತಾದರೆ ಸಾಕು. ಪೆಡಲ್ ತುಳಿಯುವವರಿಗೆ ಬೇಕಾದದ್ದು ಮುಂದಿನ ಊರು. ಅಲ್ಲಿ ನೀರು ಸಿಗುತ್ತದೆ, ಚಹಾ ಸಿಗುತ್ತದೆ, ಪಂಕ್ಚರ್ ತಿದ್ದುವ ಅಂಗಡಿಯೂ ಇದ್ದೀತು. ಆ ಊರಿನ ಹೆಸರನ್ನು ಹಸಿರು ಫಲಕ ಹೇಳುವುದಿಲ್ಲ. ಈ ವಾರದ ಮಾತು ಅದನ್ನು ಹೇಳುವ ಕಲ್ಲು, ಕಂಬಗಳ ಬಗ್ಗೆ.

ಚಂದ್ರಬಂಡ ರಾಯಚೂರು ತಾಲ್ಲೂಕಿನ ಹೋಬಳಿ ಊರು, ತೆಲಂಗಾಣದ ಗಡಿಗೆ ಹತ್ತಿರ. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಎಡೆದೊರೆ ನಾಡಿನಲ್ಲಿ ಸೈಕಲ್ ತುಳಿಯುವುದು ಕಾಲಿಗೆ ಕಷ್ಟದ ಕೆಲಸವಲ್ಲ. ಏರು ಕಡಿಮೆ, ಕವಲು ಹೆಚ್ಚು. ಹತ್ತಿ, ತೊಗರಿ, ಜೋಳದ ಹೊಲಗಳ ನಡುವೆ ಡಾಂಬರು ರಸ್ತೆ ಇದ್ದಕ್ಕಿದ್ದಂತೆ ಎರಡಾಗುತ್ತದೆ. ಎರಡೂ ಒಂದೇ ಅಗಲ, ಒಂದೇ ಬಣ್ಣ. ಫೋನಿನ ನಕ್ಷೆ ನೋಡೋಣವೆಂದರೆ ಬಿಸಿಲಿಗೆ ಪರದೆ ಕಾಣುವುದಿಲ್ಲ. ಆಗ ಬೇವಿನ ಗಿಡದ ನೆರಳಿಗೆ ಕುಳಿತವರನ್ನೇ ಕೇಳಬೇಕು. "ಹಿಂಗ ಸೀದಾ ಹೋಗ್ರಿ, ಮುಂದ ಹಳ್ಳ ಬರ್ತದ, ದಾಟಿದ ಮ್ಯಾಲ ಎಡಕ್ಕ ಹೊಳ್ರಿ." ಇದಕ್ಕಿಂತ ನಿಖರವಾದ ದಾರಿ ಯಾವ ಯಂತ್ರವೂ ಹೇಳಲಾರದು. ಆದರೆ ಮಟಮಟ ಮಧ್ಯಾಹ್ನ ನೆರಳಿನಲ್ಲಿ ಯಾರೂ ಇರುವುದಿಲ್ಲ. ಆಗ ಉಳಿಯುವುದು ಕಿಲೋಮೀಟರ್ ಕಲ್ಲು.

ಈ ಕಲ್ಲನ್ನು ಓದಲು ಕಲಿತವರಿಗೆ ದಾರಿ ಅರ್ಧ ಸವೆದಂತೆ. ತಲೆ ಹಳದಿಯಾಗಿದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರಾಗಿದ್ದರೆ ರಾಜ್ಯ ಹೆದ್ದಾರಿ. ಕೇಸರಿ ಬಣ್ಣದ್ದಾದರೆ ಹಳ್ಳಿಯ ರಸ್ತೆ. 2000ದಲ್ಲಿ ಶುರುವಾದ ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಇದನ್ನು ಕಾಣುತ್ತೇವೆ. ಸೈಕಲ್ಲಿಗೆ ನಾನು ಆರಿಸಿಕೊಳ್ಳುವುದು ಸದಾ ಕೇಸರಿ ತಲೆಯ ಕಲ್ಲಿನ ದಾರಿಯನ್ನೇ, ಅಲ್ಲಿ ಲಾರಿಗಳ ಕಾಟವಿಲ್ಲ. ದೊಡ್ಡ ರಸ್ತೆಗಳಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ 2, 4, 6, 8 ಎಂದು ಬರೆದ ಚಿಕ್ಕ ಕಲ್ಲುಗಳಿರುತ್ತವೆ, ಇನ್ನೂರು ಮೀಟರಿಗೊಂದು. ಕಾರಿನವರ ಕಣ್ಣಿಗೆ ಅವು ಬೀಳುವುದೇ ಇಲ್ಲ. ಗಂಟೆಗೆ 15 ಕಿ.ಮೀ. ವೇಗದಲ್ಲಿ ಎದುರುಗಾಳಿಗೆ ತುಳಿಯುವವರಿಗೆ ಮುಕ್ಕಾಲು ನಿಮಿಷಕ್ಕೊಂದು ಸಿಗುತ್ತದೆ. ದಣಿದ ಕಾಲನ್ನು ಮುಂದಿನ ಕಲ್ಲಿನವರೆಗೆ ಪುಸಲಾಯಿಸಲು ಅಷ್ಟು ಸಾಕು.

ಹಳೆಯ ಕಲ್ಲೊಂದರ ಬಳಿ ಸೈಕಲ್ ಒರಗಿಸಿ ಕುಕ್ಕರಗಾಲಲ್ಲಿ ಕೂತು ನೋಡಿ. ಸುಣ್ಣದ ಪದರದ ಮೇಲೆ ಪದರ, ಉಗುರಿನಿಂದ ಕೆರೆದರೆ ಹಕ್ಕಳೆಯಾಗಿ ಏಳುತ್ತದೆ. ಮೇಲಿನ ಅಕ್ಷರದ ಅಡಿಯಲ್ಲಿ ಅದಕ್ಕೂ ಹಿಂದಿನವರು ಬರೆದ ಅಕ್ಷರದ ಕಪ್ಪು ಇಣುಕುತ್ತದೆ. ಒಬ್ಬರ ಕುಂಚದ 'ರ' ಉರುಟು, ಇನ್ನೊಬ್ಬರದು ಚಪ್ಪಟೆ. ಇದು ಅಚ್ಚಿನ ಅಕ್ಷರವಲ್ಲ, ಬಿಸಿಲಲ್ಲಿ ಕೂತು ಯಾರೋ ಕೈಯಾರೆ ಬರೆದದ್ದು. ಬದಲಾದದ್ದು ಕೈಬರಹವಷ್ಟೇ ಅಲ್ಲ, ರಾಜ್ಯವೂ ಅಳತೆಯೂ. 1956 ಈ ಭಾಗದ ರಸ್ತೆಗಳ ಮಟ್ಟಿಗೆ ದೊಡ್ಡ ವರ್ಷ. ನವೆಂಬರ್ 1ರಂದು ರಾಯಚೂರು ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯ ಸೇರಿತು. ಅದೇ ವರ್ಷ ದೇಶದಲ್ಲಿ ಮೆಟ್ರಿಕ್ ಅಳತೆಯ ಕಾಯ್ದೆ ಬಂತು. ಮೈಲಿ, ಫರ್ಲಾಂಗು ಹೋಗಿ ಕಿಲೋಮೀಟರು ಬರಲು ಮತ್ತೂ ಕೆಲವು ವರ್ಷ ಹಿಡಿಯಿತು. ಹಳಬರ ಬಾಯಲ್ಲಿ ಫರ್ಲಾಂಗು ಈಗಲೂ ಇದೆ, ಹರದಾರಿಯೂ ಇದೆ.

ನನಗೆ ಸಂಕಟವಾಗುವುದು ಈ ಕಲ್ಲುಗಳು ಹೂತುಹೋಗುವುದನ್ನು ನೋಡಿದಾಗ. ಹೊಸದಾಗಿ ಡಾಂಬರು ಹಾಕಿದಾಗಲೆಲ್ಲ ರಸ್ತೆ ಒಂದಿಷ್ಟು ಮೇಲೇರುತ್ತದೆ. ಅಂಚಿಗೆ ಮೊರಂ ಸುರಿಯುತ್ತಾರೆ. ಮೊದಲು ಮುಚ್ಚುವುದು ಕೆಳಗಿನ ಸಾಲು, ಅಂದರೆ ದೂರದ ಅಂಕಿ. ಊರಿನ ಹೆಸರಿದೆ, ಎಷ್ಟು ದೂರ ಎಂಬುದಿಲ್ಲ. ಮುಂದಿನ ಸಲ ಹೆಸರೂ ಹೋಗಿ ಬಣ್ಣದ ತಲೆಯೊಂದೇ ಮಣ್ಣಿನ ಮೇಲೆ ಉಳಿಯುತ್ತದೆ. ಒಂದು ಗುದ್ದಲಿ, ಅರ್ಧ ಗಂಟೆಯ ಕೆಲಸ. ಅದನ್ನು ಯಾರ ಪಾಲಿಗೂ ಹಚ್ಚದೆ ಬಿಟ್ಟಿದ್ದೇವೆ.

ಸೈಕಲ್ಲನ್ನು ಗೌರವಿಸುವ ನಾಡುಗಳು ದಾರಿ ತೋರುವ ಕಲ್ಲು, ಕಂಬಗಳಿಗೆ ತಲೆ ಕೆಡಿಸಿಕೊಂಡಿವೆ. ನೆದರ್ಲೆಂಡ್ಸಿನಲ್ಲಿ 1883ರಲ್ಲಿ ಸೈಕಲ್ ಸವಾರರೇ ಕಟ್ಟಿದ ಎಎನ್‌ಡಬ್ಲ್ಯೂಬಿ ಎಂಬ ಸಂಘ ಸುಮಾರು ನೂರು ವರ್ಷಗಳ ಹಿಂದೆ ಅಣಬೆಯಾಕಾರದ ದಾರಿಗಲ್ಲುಗಳನ್ನು ನೆಡಲು ಶುರುಮಾಡಿತು. ಅಲ್ಲಿನ ಜನ ಅದನ್ನು ಕರೆಯುವುದೂ ಅಣಬೆ ಎಂದೇ. ನೆಲಕ್ಕೆ ಹತ್ತಿರ, ಗಿಡ್ಡ. ಮೇಲಿನ ಮುಖಗಳು ಇಳಿಜಾರು, ಸೀಟಿನ ಮೇಲೆ ಕೂತವರ ನೋಟಕ್ಕೆ ನೇರ ಸಿಗುವಂತೆ. ಒಂದೊಂದಕ್ಕೂ ತನ್ನದೇ ಸಂಖ್ಯೆ, ಹಾಗಾಗಿ ದಾರಿ ತಪ್ಪಿದವರು ತಾವಿರುವ ಜಾಗವನ್ನು ನಕ್ಷೆಯಲ್ಲಿ ಹುಡುಕಿಕೊಳ್ಳಬಹುದು. ಬ್ರಿಟನ್ನಿನವರು 2000ದ ಹೊಸ್ತಿಲಲ್ಲಿ ತಮ್ಮ ರಾಷ್ಟ್ರೀಯ ಸೈಕಲ್ ಜಾಲಕ್ಕೆ ಸಾವಿರ ಎರಕದ ಕಬ್ಬಿಣದ ಕಂಬಗಳನ್ನು ಮಾಡಿಸಿದರು. ನಾಲ್ವರು ಕಲಾವಿದರ ನಾಲ್ಕು ವಿನ್ಯಾಸ. ಒಂದು ಹುಂಜ, ಇನ್ನೊಂದು ಪಳೆಯುಳಿಕೆಗಳನ್ನು ಮೈಗೆ ಹೊತ್ತ ಮರ. ಅವು ಚೆಂದ, ನಿಜ. ನನ್ನ ಮತ ಮಾತ್ರ ಅಣಬೆಗೆ. ಕಲೆ ಎಷ್ಟೇ ಇರಲಿ, ನಿಲ್ಲದೆ ಓದುವಂತಿದ್ದರೇ ಅದು ದಾರಿಗಂಬ.

ನಮ್ಮಲ್ಲಿ ಇಂಥ ದಾರಿಗಂಬ ಇರಲಿಲ್ಲವೆಂದಲ್ಲ. ಚಿಕ್ಕಮಗಳೂರಿನ ಬೆಟ್ಟದ ದಾರಿಯ ಕೈಮರ, ಗುರುಪುರದ ಹತ್ತಿರದ ಕೈಕಂಬ, ಬಿ.ಸಿ. ರೋಡಿನ ಕೈಕಂಬ, ಮೂಡಿಗೆರೆಯ ಹ್ಯಾಂಡ್‌ಪೋಸ್ಟ್, ಹೆಗ್ಗಡದೇವನಕೋಟೆಯ ಹ್ಯಾಂಡ್‌ಪೋಸ್ಟ್ — ಇವೆಲ್ಲ ದಾರಿ ತೋರುವ ಕಂಬದಿಂದಲೇ ಹೆಸರು ಪಡೆದ ಜಾಗಗಳು. ಬಸ್ಸು ನಿಂತಿತು, ಹೋಟೆಲ್ಲು ಬಂತು, ಪೇಟೆ ಬೆಳೆಯಿತು. ಕವಲಿನಲ್ಲಿ ನೆಟ್ಟ ಒಂದು ಮರದ ಕೈ ಇಷ್ಟು ಮಾಡಿತು.

ರಾಯಚೂರಿಗೆ ಮರಕ್ಕಿಂತ ಕಲ್ಲೇ ಒಗ್ಗುತ್ತದೆ. ಗ್ರಾನೈಟಿನ ಮೇಲೆಯೇ ಬದುಕುವ ನೆಲ ಇದು. ಕಲ್ಲಿನ ಮೇಲೆ ದಾರಿಯ ಕಥೆ ಬರೆದ ಹಳೆಯ ಮಾದರಿಯೊಂದು ಊರ ನಡುವಿನ ಕೋಟೆಯಲ್ಲೇ ಇದೆ. ಒಳಕೋಟೆಯ ಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಕಲ್ಲು. 1294ರಲ್ಲಿ ಕಾಕತೀಯರ ಕಾಲದಲ್ಲಿ ಗೋರೆ ಗನ್ನಯ ರೆಡ್ಡಿ ಕೋಟೆ ಕಟ್ಟಿಸಿದ್ದನ್ನು ಹೇಳುವ ತೆಲುಗು ಶಾಸನ ಅದರ ಮೇಲಿದೆ. ಜೊತೆಗೆ ಒಂದು ಚಿತ್ರ: ಇಷ್ಟುದ್ದದ ಕಲ್ಲನ್ನು ಬಂಡಿಯ ಮೇಲೆ ಹೇರಿ, ಉದ್ದ ಸಾಲಾಗಿ ಕೋಣಗಳನ್ನು ಹೂಡಿ ಎಳೆಸುತ್ತಿರುವುದು. ತಾನು ಬಂದ ಹಾದಿಯನ್ನು ತನ್ನ ಮೈಮೇಲೆಯೇ ಹೊತ್ತ ಕಲ್ಲು. ರಸ್ತೆಬದಿಯ ಕಲ್ಲುಗಳನ್ನು ಇಷ್ಟಪಡುವವರು ಇದನ್ನು ನೋಡದೆ ರಾಯಚೂರಿನಿಂದ ಸೈಕಲ್ ಹೊರಡಿಸಬಾರದು.

ಇಂಥ ನಾಡಿನಲ್ಲಿ ಚಂದ್ರಬಂಡದ ಸುತ್ತಲಿನ ಪ್ರತಿ ಕವಲಿಗೂ ಒಂದು ಕಲ್ಲು ನೆಡಲು ಗ್ರಾಮ ಪಂಚಾಯಿತಿಗಳು ಮನಸ್ಸು ಮಾಡಬೇಕು ಎಂಬುದು ನನ್ನ ಕೋರಿಕೆ. ಎದೆಮಟ್ಟ ಬೇಡ, ತೊಡೆಮಟ್ಟ ಸಾಕು, ಮುಖ ತುಸು ಹಿಂದಕ್ಕೆ ವಾಲಿರಲಿ. ಅಕ್ಷರ ಬಣ್ಣದ್ದಲ್ಲ, ಉಳಿಯಿಂದ ಕೊರೆದದ್ದಾಗಿರಲಿ. ಬಣ್ಣ ಹೋದರೂ ಬೆರಳಿಗೆ ಸಿಗಬೇಕು. ಕನ್ನಡದ ಜೊತೆ ತೆಲುಗೂ ಇರಲಿ, ಗಡಿಯ ಎರಡೂ ಕಡೆಯವರು ಇದೇ ದಾರಿಯಲ್ಲಿ ಓಡಾಡುತ್ತಾರೆ. ಮುಂದಿನ ಊರಿನ ಹೆಸರು ಮೊದಲು, ನೀರು ಸಿಗುವ ಜಾಗಕ್ಕೆ ಒಂದು ಕೊಡದ ಗುರುತು, ಆಮೇಲೆ ದೂರ. ಮೇಲೆ ದಾರಿ ತೋರುವ ಒಂದು ಕೈ. ಡಾಂಬರಿನ ಅಂಚಿನಿಂದ ನಾಲ್ಕು ಅಡಿ ಆಚೆ, ಒಂದು ಕಟ್ಟೆಯ ಮೇಲೆ ನಿಲ್ಲಿಸಿದರೆ ಮುಂದಿನ ಸಲ ಮೊರಂ ಸುರಿದರೂ ಮುಚ್ಚುವುದಿಲ್ಲ. ಕಟ್ಟೆ ಎರಡು ಜನ ಕೂರುವಷ್ಟು ಅಗಲವಿರಲಿ, ಪಕ್ಕದಲ್ಲೊಂದು ಬೇವಿನ ಸಸಿ.