ಅಡ್ಡಹೆಸರೂ ವಂಶಾವಳಿಯೂ

ಊರಿನ ಹೆಸರನ್ನೇ ಅಡ್ಡಹೆಸರಾಗಿ ಉಳ್ಳ ಮನೆತನಗಳ ವಂಶಾವಳಿಗಳು ಹಲವೊಮ್ಮೆ ಆ ಊರಿನ ಗೌಡಿಕೆಯಿಂದಲೇ ಆರಂಭವಾಗುತ್ತವೆ. ಸಂಶಯಕ್ಕೆ ಎಡೆಯಿರುವುದು ಇಲ್ಲಿಯೇ. ಹದಡಿಯಲ್ಲಿಯೇ ಇರುವವನನ್ನು ಹದಡಿಯವನೆಂದು ಕರೆಯುವವರಾರು? ಊರು ಬಿಟ್ಟು ದಾವಣಗೆರೆಗೋ ಹರಿಹರಕ್ಕೋ ಹೋದವನಿಗೆ ಅಲ್ಲಿಯ ಜನರು ಇಡುವ ಹೆಸರದು. ಬಂದ ದಾರಿಯನ್ನು ತಿಳಿಸೀತೇ ಹೊರತು ರಕ್ತಸಂಬಂಧವನ್ನಲ್ಲ. ಒಂದೇ ಅಡ್ಡಹೆಸರಿನ ಎರಡು ಮನೆಗಳವರು ದಾಯಾದಿಗಳೇ ಆಗಿರಬೇಕೆಂದಿಲ್ಲ.

ಎತ್ತನ್ನೇರಿ ಬರುತ್ತಿದ್ದ ಹೆಳವರು ಒಕ್ಕಲು ಮನೆಗಳ ತಲೆಮಾರುಗಳನ್ನು ಹೇಳಿ ಕಾಳು ಪಡೆಯುತ್ತಿದ್ದರು. ಕೊಡುವವನ ಮುಂದೆ ನುಡಿದುದರಲ್ಲಿ ಹೊಗಳಿಕೆಯನ್ನು ಕಳೆಯಲೇಬೇಕು. ಆದರೆ ಅವರು ಹೇಳುವ ವಲಸೆಯ ಊರುಗಳನ್ನು ಕಡೆಗಣಿಸಲಾಗದು. ಇನ್ನು ಶಾಸನಗಳು. ರೈಸರ ‘ಎಪಿಗ್ರಾಫಿಯಾ ಕರ್ನಾಟಿಕ’ದ 11ನೆಯ ಸಂಪುಟದಲ್ಲಿ ದಾವಣಗೆರೆ ಸೀಮೆಯವು ದೊರೆಯುತ್ತವೆ. ಹರಿಹರದ ದೇಗುಲವನ್ನು 1224ರ ಸುಮಾರಿಗೆ ಕಟ್ಟಿಸಿದ ದಂಡನಾಯಕ ಪೋಲಾಳ್ವನಿಗೇ ಇಂದಿನ ಬಗೆಯ ಅಡ್ಡಹೆಸರಿಲ್ಲ. ಕಲ್ಲಿನ ಮೇಲೆ ಊರ ಹೆಸರನ್ನು ಕಂಡೊಡನೆ ತಮ್ಮ ಮನೆಗೆ ಎಳೆದುಕೊಳ್ಳುವ ವಂಶಾವಳಿಕಾರರು ನಡುವಣ ಏಳೆಂಟು ಶತಮಾನಗಳನ್ನು ಯಾವ ಕಾಗದದಿಂದ ತುಂಬುವರು?