ಶೂನ್ಯಸಂಪಾದನೆಯಲ್ಲಿ ಅರಿವಿನ ವಿಸ್ತಾರ

ಶಿಕ್ಷಣವು ಸಮಗ್ರವಾಗಬೇಕೆಂಬ ಮಾತು ಇಂದು ಎಲ್ಲೆಡೆ ಕೇಳಿಬರುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಈ ಆಶಯವನ್ನು ಒತ್ತಿ ಹೇಳಿದೆ. ಬುನಾದಿ ಹಂತದ ಮಕ್ಕಳಿಗಾಗಿ 2022ರಲ್ಲಿ ಹೊರಬಂದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತೈತ್ತಿರೀಯೋಪನಿಷತ್ತಿನ ಪಂಚಕೋಶಗಳ ಕಲ್ಪನೆಯನ್ನು ಮಗುವಿನ ಬೆಳವಣಿಗೆಗೆ ಅನ್ವಯಿಸಿದೆ. ಆಧ್ಯಾತ್ಮಿಕ ಚಿಂತನೆಗೆ ಶಾಲೆಯ ಬಾಗಿಲು ತೆರೆದಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಅರಿವು ವಿಸ್ತಾರವಾಗುವುದೆಂದರೇನು, ವಿಸ್ತಾರವಾಯಿತೆಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಯನ್ನು ಬಿಟ್ಟು ಮುಂದೆ ಸಾಗಿದರೆ, ಈಗಿರುವ ವಿಷಯಗಳ ಸಾಲಿಗೆ ಇನ್ನೊಂದು ವಿಷಯ ಸೇರಿದಂತಾದೀತೇ ಹೊರತು ಬೇರೇನೂ ಆಗದು. ಕನ್ನಡದಲ್ಲಿ ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಕೇಳಿದ ಗ್ರಂಥ ಶೂನ್ಯಸಂಪಾದನೆ. ಆ ಪ್ರಶ್ನೆಗೆ ಗ್ರಂಥವಾಗಿಯೂ ಬಾಳಾಗಿಯೂ ನಂಟು ಬೆಳೆಸಿಕೊಂಡ ನೆಲ ವಿಜಯಪುರ. ಇವೆರಡನ್ನೂ ಒಟ್ಟಿಗಿರಿಸಿ ನೋಡುವುದು ಉಚಿತವಾಗಿದೆ.

ಶೂನ್ಯಸಂಪಾದನೆ ಒಬ್ಬರ ಕೃತಿಯಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನಿಂದ ಮೊದಲಾಗಿ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಎಂಬ ನಾಲ್ವರ ಕೈಯಲ್ಲಿ ಅದು ರೂಪ ತಾಳಿತು. ಹನ್ನೆರಡನೆಯ ಶತಮಾನದ ಶರಣರ ಬಿಡಿ ವಚನಗಳನ್ನು ಸಂವಾದಗಳಾಗಿ ಹೆಣೆದದ್ದು ಈ ಸಂಪಾದಕರ ಪ್ರತಿಭೆ. ಅಲ್ಲಮಪ್ರಭು ಶಾಸ್ತ್ರವನ್ನು ಬೋಧಿಸುತ್ತ ಒಂದೆಡೆ ಕೂಡುವುದಿಲ್ಲ. ನಡೆಯುತ್ತಾನೆ, ಎದುರಾದವರನ್ನು ಕೆಣಕುತ್ತಾನೆ, ಕೇಳುತ್ತಾನೆ. ಇಡೀ ಗ್ರಂಥವೇ ಒಂದು ಸಂಚಾರಿ ಪಾಠಶಾಲೆ. ಅದರ ಪಾಠಕ್ರಮವನ್ನು ಮೂರು ಪ್ರಸಂಗಗಳು ಸ್ಪಷ್ಟಪಡಿಸುತ್ತವೆ.

ಮೊದಲನೆಯದು ಸಿದ್ಧರಾಮನ ಪ್ರಸಂಗ. ಇಂದು ಸೊಲ್ಲಾಪುರವೆನಿಸಿಕೊಂಡಿರುವ ಸೊನ್ನಲಿಗೆಯಲ್ಲಿ ಸಿದ್ಧರಾಮ ಕೆರೆ ಕಟ್ಟಿಸುತ್ತಿದ್ದಾನೆ, ಗುಡಿಗಳನ್ನು ಎತ್ತಿಸುತ್ತಿದ್ದಾನೆ. ಲೋಕೋಪಕಾರದಲ್ಲಿ ಅವನಿಗೆ ಸರಿಸಾಟಿಯಿಲ್ಲ. ಅಲ್ಲಿಗೆ ಬಂದ ಅಲ್ಲಮ ಅವನನ್ನು ಒಡ್ಡನೆಂದು ಕರೆಯುತ್ತಾನೆ. ಸಿದ್ಧರಾಮ ಕೆರಳುತ್ತಾನೆ. ಆ ಕೋಪವೇ ಪರೀಕ್ಷೆಯ ಫಲ: ಕೆಲಸ ದೊಡ್ಡದಾಗಿದೆ, ಅದನ್ನು ಮಾಡುವವನೊಳಗಿನ ‘ನಾನು’ ಕೆಲಸದ ಜೊತೆಗೇ ದೊಡ್ಡದಾಗಿದೆ. ಅಲ್ಲಮನ ಆಕ್ಷೇಪ ಕೆರೆಯ ಮೇಲಲ್ಲ, ಕೆರೆಯೊಡನೆ ಬೆಳೆದ ಕರ್ತೃತ್ವದ ಮೇಲೆ.

ಎರಡನೆಯದು ಗೋರಕ್ಷನ ಪ್ರಸಂಗ. ಸಾಧನೆಯಿಂದ ವಜ್ರಕಾಯವನ್ನು ಪಡೆದವನು ಗೋರಕ್ಷ. ಕತ್ತಿಯಿಂದ ಹೊಡೆದರೆ ಅವನ ಮೈ ಖಣಿಲೆಂದು ದನಿಗೈಯುತ್ತದೆ. ಅದೇ ಕತ್ತಿ ಅಲ್ಲಮನ ಮೈಯೊಳಗೆ ಬಯಲಲ್ಲಿ ಬೀಸಿದಂತೆ ಹಾಯ್ದುಹೋಗುತ್ತದೆ. ಗೋರಕ್ಷನದು ಸಿದ್ಧಿ, ಅವನಲ್ಲಿ ಸಾಮರ್ಥ್ಯ ಬೆಳೆದಿದೆ, ತೆರವು ಬೆಳೆದಿಲ್ಲ. ಗಟ್ಟಿಗೊಳ್ಳುವುದು ಒಂದು, ವಿಸ್ತಾರವಾಗುವುದು ಇನ್ನೊಂದು ಎಂಬ ಸೂಕ್ಷ್ಮವನ್ನು ಒಂದೇ ದೃಶ್ಯದಲ್ಲಿ ಕಟ್ಟಿಕೊಟ್ಟ ಸಂಪಾದಕರ ಕೌಶಲ ಮೆಚ್ಚತಕ್ಕದ್ದು.

ಮೂರನೆಯದು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮರದು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಅನುಭಾವದ ಮಾತಿನಲ್ಲಿ ಮೈಮರೆತ ಗಂಡನಿಗೆ ಕಾಯಕದ ಹೊತ್ತು ಮೀರಿತೆಂದು ನೆನಪಿಸುವವಳು ಲಕ್ಕಮ್ಮ. ಅವನು ದಿನದ ಪ್ರಮಾಣಕ್ಕಿಂತ ಹೆಚ್ಚು ತಂದಾಗ ಹೆಚ್ಚಿನದನ್ನು ಹಿಂದಿರುಗಿಸಲು ಹೇಳುವವಳೂ ಅವಳೇ. ಕೊನೆಗೆ ಗಂಡನೇ ಅವಳಿಂದ ಐಕ್ಯದ ನೆಲೆಯನ್ನು ಕೇಳಿ ತಿಳಿಯಬೇಕಾಗುತ್ತದೆ. ಗುರುಸ್ಥಾನ ಇಲ್ಲಿ ಪೀಠದಿಂದಿಳಿದು ಬಡವರ ಅಡುಗೆಮನೆಗೆ ಬಂದಿದೆ. ಅರಿವಿಗೆ ಅಳತೆಗೋಲಾಗಿ ನಿಂತದ್ದು ಒಂದಿಷ್ಟು ಅಕ್ಕಿ.

ಈ ಮೂರು ಪ್ರಸಂಗಗಳಿಂದ ಹೊರಡುವ ಶಿಕ್ಷಣದೃಷ್ಟಿ ಪಂಚಕೋಶದ ಕಲ್ಪನೆಗಿಂತ ಭಿನ್ನವಾದುದು. ಅನ್ನಮಯದಿಂದ ಆನಂದಮಯದವರೆಗಿನ ಕೋಶಗಳು ವ್ಯಕ್ತಿಯ ಒಳಪದರಗಳನ್ನು ವಿವರಿಸುತ್ತವೆ. ಪಠ್ಯಕ್ರಮದಲ್ಲಿ ಒಂದೊಂದು ಪದರಕ್ಕೆ ಒಂದೊಂದು ಚಟುವಟಿಕೆಯನ್ನು ಹಂಚಿಕೊಡುವುದು ಸುಲಭ. ಷಟ್‌ಸ್ಥಲ ಹಾಗಲ್ಲ. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬಿವು ಪದರಗಳಲ್ಲ. ಅಂಗಕ್ಕೂ ಲಿಂಗಕ್ಕೂ ಇರುವ ಸಂಬಂಧ ಮಾಗುತ್ತ ಹೋಗುವ ನೆಲೆಗಳು. ಈ ಮಾಗುವಿಕೆ ಆಚಾರದಲ್ಲಿ ಕಾಣಿಸಿಕೊಳ್ಳಲೇಬೇಕು. ಕೊಡುವುದರಲ್ಲಿ, ಕೊಂಡದ್ದನ್ನು ಪ್ರಸಾದವೆಂದು ಕಾಣುವುದರಲ್ಲಿ, ಬೇಡವಾದದ್ದನ್ನು ನಿರಾಕರಿಸುವುದರಲ್ಲಿ ಅದು ತೋರದಿದ್ದರೆ ಅರಿವು ಬೆಳೆದಿಲ್ಲವೆಂದೇ ಅರ್ಥ. ವಚನಕಾರರ ಸಮಗ್ರತೆ ಎಲ್ಲವನ್ನೂ ಕೂಡಿಸುವುದರಲ್ಲಿಲ್ಲ. ತಿಳಿದದ್ದಕ್ಕೂ ನಡೆದದ್ದಕ್ಕೂ ನಡುವಿನ ಬಿರುಕನ್ನು ಮುಚ್ಚುವುದರಲ್ಲಿದೆ.

ಹಾಗೆಂದು ಶೂನ್ಯಸಂಪಾದನೆ ಲೋಪವಿಲ್ಲದ ಗ್ರಂಥವೆಂದು ಹೇಳಲಾಗದು. ಸಂವಾದದ ಗೆಲುವು ಬಹುಮಟ್ಟಿಗೆ ಅಲ್ಲಮನಿಗೇ ಮೀಸಲು. ಅಕ್ಕಮಹಾದೇವಿಯಂತಹ ಕೆಲವರ ಎದುರಿನಲ್ಲಿ ಮಾತ್ರ ಅವನು ತಲೆಬಾಗುತ್ತಾನೆ. ಮೊದಲ ಸಂಪಾದನೆಯಲ್ಲಿಲ್ಲದ ಸಿದ್ಧರಾಮನ ಲಿಂಗದೀಕ್ಷೆಯ ಪ್ರಸಂಗ ನಂತರದ ಸಂಪಾದನೆಗಳಲ್ಲಿ ಸೇರಿಕೊಂಡದ್ದು ಕೂಡ ಗಮನಾರ್ಹ. ಪ್ರಶ್ನೆಯಿಂದ ತೆರೆದುಕೊಂಡ ಅರಿವನ್ನು ವಿಧಿಯಿಂದ ಮುಗಿಸಿ ನೆಮ್ಮದಿ ಪಡೆಯುವ ಪ್ರವೃತ್ತಿ ಸಂಪ್ರದಾಯದೊಳಗೇ ಇದೆ ಎಂಬುದನ್ನು ಅದು ಸೂಚಿಸುತ್ತದೆ. ಶಾಲೆಯಲ್ಲಿ ಪ್ರಶ್ನೆಯ ಬದಲು ಪ್ರಮಾಣಪತ್ರ ಬಂದು ಕೂಡುವುದು ಇದೇ ಪ್ರವೃತ್ತಿಯ ಇಂದಿನ ರೂಪ.

ಈ ದೃಷ್ಟಿಯನ್ನು ಒರೆಗೆ ಹಚ್ಚಲು ವಿಜಯಪುರ ತಕ್ಕ ಸ್ಥಳ. ವೃತ್ತಿಯಿಂದ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880–1964) ಇಲ್ಲಿ ಎರಡು ಕೆಲಸಗಳನ್ನು ಏಕಕಾಲಕ್ಕೆ ನಡೆಸಿದರು. 1910ರಲ್ಲಿ ಆರಂಭವಾದ ಬಿ.ಎಲ್.ಡಿ.ಇ. ಸಂಸ್ಥೆಯ ಮೂಲಕ ಶಾಲಾಶಿಕ್ಷಣಕ್ಕೆ ಅಡಿಪಾಯ ಹಾಕಿದರು. 1923ರ ‘ವಚನಶಾಸ್ತ್ರಸಾರ’, 1926ರಲ್ಲಿ ಮೊದಲಾದ ‘ಶಿವಾನುಭವ’ ಪತ್ರಿಕೆಗಳ ಮೂಲಕ ತಾಳೆಗರಿಯಲ್ಲಿದ್ದ ವಚನಗಳನ್ನು ಜನರ ಕೈಗಿತ್ತರು. ಅವರ ಪಾಲಿಗೆ ಇವು ಒಂದೇ ಕೆಲಸದ ಎರಡು ಮುಖಗಳು. ನಂತರದ ಕಾಲದಲ್ಲಿ ಶಾಲೆ ಒಂದು ದಾರಿ, ವಚನ ಇನ್ನೊಂದು ದಾರಿ ಹಿಡಿದವು. ವಚನವು ಭಾಷಣಸ್ಪರ್ಧೆಯ ಕಂಠಪಾಠವಾಗಿ ಮಾತ್ರ ತರಗತಿಯಲ್ಲಿ ಉಳಿಯಿತು.

ಬೇರೆಯಾದ ಈ ದಾರಿಗಳ ನಡುವೆ, ಗೋಡೆಯಿಲ್ಲದ ಶಾಲೆಯೊಂದನ್ನು ಕಟ್ಟಿದವರು ಜ್ಞಾನಯೋಗಾಶ್ರಮದ ಲಿಂಗೈಕ್ಯ ಶ್ರೀ ಸಿದ್ಧೇಶ್ವರ ಸ್ವಾಮಿಗಳು. ಇಂದಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ, ಒಕ್ಕಲುತನದ ಒಣನೆಲದಲ್ಲಿ ಹುಟ್ಟಿದ ಅವರು, ಗುರು ಮಲ್ಲಿಕಾರ್ಜುನ ಸ್ವಾಮಿಗಳು ‘ಸಿದ್ಧಾಂತಶಿಖಾಮಣಿ’ಯನ್ನು ಕುರಿತು ನೀಡಿದ ಪ್ರವಚನಗಳನ್ನು ವಿದ್ಯಾರ್ಥಿದೆಸೆಯಲ್ಲಿಯೇ ಗ್ರಂಥರೂಪಕ್ಕೆ ತಂದರು. ಅಲ್ಲಮನ ವಚನಗಳಿಗೆ ವ್ಯಾಖ್ಯಾನ ಬರೆದರು. ಉಪನಿಷತ್ತು, ಗೀತೆ, ಯೋಗಸೂತ್ರ, ವಚನಗಳನ್ನು ಅವರು ರೈತನಿಗೆ ತಿಳಿಯುವ ಕನ್ನಡದಲ್ಲಿ ಹೇಳಿದ ರೀತಿ ನಾಡಿಗೆ ಪರಿಚಿತವೇ ಆಗಿದೆ.

ಆದರೂ ವಿಮರ್ಶೆ ಒಂದು ಪ್ರಶ್ನೆಯನ್ನು ಎತ್ತಬೇಕಾಗುತ್ತದೆ. ಪ್ರವಚನವೆಂಬುದು ಸ್ವಭಾವತಃ ಒಮ್ಮುಖ ಪ್ರಕಾರ. ಸಾವಿರಾರು ಜನ ಸದ್ದಿಲ್ಲದೆ ಕೂತು ಕೇಳುವ ನೋಟ ಭವ್ಯವಾದುದು. ಆದರೆ ಅಲ್ಲಿ ಸಿದ್ಧರಾಮನ ಕೋಪಕ್ಕಾಗಲಿ, ಲಕ್ಕಮ್ಮನ ಆಕ್ಷೇಪಕ್ಕಾಗಲಿ ಎಡೆಯಿಲ್ಲ. ಕೇಳಿದ ಸುಖವನ್ನೇ ಅರಿವೆಂದು ಭ್ರಮಿಸುವ ಅಪಾಯ ಶ್ರೋತೃವಿಗೆ ಸದಾ ಇದ್ದೇ ಇರುತ್ತದೆ. ಈ ಕೊರತೆಯನ್ನು ತುಂಬಿದ್ದು ಅವರ ಮಾತಲ್ಲ, ನಡೆ. ಅವರ ಅಂಗಿಗೆ ಜೇಬು ಇರಲಿಲ್ಲ. 2018ರಲ್ಲಿ ಬಂದ ಪದ್ಮಶ್ರೀ ಪ್ರಶಸ್ತಿಯನ್ನು ಅವರು ವಿನಯದಿಂದ ಒಲ್ಲೆನೆಂದರು. ತಮ್ಮ ದೇಹವನ್ನು ಅಗ್ನಿಗೆ ಅರ್ಪಿಸಬೇಕು, ಸ್ಮಾರಕ ಕಟ್ಟಬಾರದು ಎಂದು ಮೊದಲೇ ಬರೆದಿಟ್ಟಿದ್ದರು. 2023ರ ಜನವರಿ 2ರಂದು ಅವರು ದೇಹ ಬಿಟ್ಟ ಮೇಲೆ ಆಶ್ರಮದ ಆವರಣದಲ್ಲಿ ದಹನವೇ ನಡೆಯಿತು. ಹೆಚ್ಚಾದ ಅಕ್ಕಿಯನ್ನು ಹಿಂದಿರುಗಿಸಿದ ಲಕ್ಕಮ್ಮನ ಪಾಠಕ್ಕೂ ಇದಕ್ಕೂ ಭೇದವಿಲ್ಲ. ಶೂನ್ಯವನ್ನು ವ್ಯಾಖ್ಯಾನಿಸಿದವರು ತಮ್ಮ ಹೆಸರಿನ ಕುರುಹನ್ನೂ ಉಳಿಸಲು ಒಪ್ಪದಿದ್ದುದು ಆ ವ್ಯಾಖ್ಯಾನದ ಕೊನೆಯ ಪುಟ.

ಆ ಪುಟವನ್ನು ಓದುವ ಹೊಣೆ ಈಗ ಕೇಳುಗರದು. ಗುರುವಿನ ಭಾವಚಿತ್ರಕ್ಕೆ ಹಾರ ಹಾಕಿ, ವರ್ಷಕ್ಕೊಮ್ಮೆ ಗುಣಗಾನ ಮಾಡಿ ಸುಮ್ಮನಾದರೆ, ಸ್ಮಾರಕ ಬೇಡವೆಂದವರಿಗೆ ಸ್ಮಾರಕವನ್ನೇ ಕಟ್ಟಿದಂತಾಗುತ್ತದೆ. ತಿಕೋಟಾ, ಬಬಲೇಶ್ವರಗಳ ಯಾವುದೇ ಹಳ್ಳಿಯ ಶಾಲೆ ವಾರಕ್ಕೊಂದು ಗಂಟೆ ಮಕ್ಕಳನ್ನು ಸುತ್ತ ಕೂಡಿಸಿ, ಒಂದು ವಚನವನ್ನು ಓದಿ, ಕಂಠಪಾಠ ಕೇಳದೆ, ಅಂಕ ಕೊಡದೆ, ಅವರಿಗೆ ಒಪ್ಪಿಗೆಯಾಗದ್ದನ್ನು ನಿರ್ಭಯವಾಗಿ ಹೇಳಗೊಡುವುದಾದರೆ ಅದು ಸಣ್ಣ ಕೆಲಸವಲ್ಲ. ಮಗು ಕೇಳಿದ ಪ್ರಶ್ನೆಯ ಮುಂದೆ ಗುರುವಿನ ಕೋಪವೂ ಪರೀಕ್ಷೆಗೆ ಒಳಗಾಗಲಿ. ಸೊನ್ನಲಿಗೆಯ ಕೆರೆಯ ದಂಡೆಯಲ್ಲಿ ನಡೆದದ್ದು ಅದೇ. ಶಿಕ್ಷಣ ಸಮಗ್ರವಾಗುವುದು ಅಲ್ಲಿಂದಲೇ.